ಚೀಲ ಅಡಿಕೆಯ ಅಡಿಯಲ್ಲಿದೆ

ಭೈರುಂಬೆಯವಳೊಬ್ಬಳು ಇತಿಹಾಸದ ಪ್ರಬಂಧ ಬರೆಯುತ್ತಾಳೆ ಎಂದರೆ ಕೇಳಿದವರು ತಕ್ಷಣ ಸಹಸ್ರಲಿಂಗದ ಹೆಸರೆತ್ತುತ್ತಾರೆ. ಶಾಲ್ಮಲಾ ಹೊಳೆಯ ಬಂಡೆಗಳು, ಸೋದೆಯ ಅರಸರು, ಬೇಸಿಗೆಯಲ್ಲಿ ನೀರಿಳಿದಾಗ ಕಾಣುವ ಲಿಂಗಗಳು ನಮ್ಮೂರಿನ ಮಗ್ಗುಲಲ್ಲೇ ಇರುವುದರಿಂದ ಹಾಗೆ ಅನ್ನಿಸುವುದು ಸಹಜ. ಆ ಇತಿಹಾಸವನ್ನು ಬಲ್ಲವರು ಬರೆಯಲಿ. ನಾನು ಬರೆಯಹೊರಟಿರುವುದು ಒಂದು ಗಂಟಿನ ಇತಿಹಾಸ. ಅದು ಕಂಪ್ಯೂಟರಿನ ಹೊಟ್ಟೆಯೊಳಗೆ ಬೀಳುವ ಗಂಟು. ಅದನ್ನು ಬಿಡಿಸಲು ಜಗತ್ತಿನ ಬುದ್ಧಿವಂತರಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕಂಪ್ಯೂಟರ್ ಎಂದ ಕೂಡಲೇ ಪುಟ ತಿರುಗಿಸಬೇಡಿ. ಮನೆ ನಡೆಸಿದವರಿಗೆ ಈ ಗಂಟು ಎಂಜಿನಿಯರುಗಳಿಗಿಂತ ಬೇಗ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

ನಮ್ಮ ಕಡೆಯ ಮನೆಯನ್ನೇ ಕಣ್ಣಮುಂದೆ ತಂದುಕೊಳ್ಳಿ. ಕೆಳಗೆ ಜಗುಲಿ, ಮೇಲೆ ಮೆತ್ತು. ಜಗುಲಿ ಕೈಗೆ ಹತ್ತಿರ, ಆದರೆ ಜಾಗ ಕಡಿಮೆ. ಮೆತ್ತಿನಲ್ಲಿ ಬೇಕಾದಷ್ಟು ಜಾಗವಿದೆ, ಆದರೆ ಪ್ರತಿ ಸಲ ಏಣಿ ಹತ್ತಿ ಇಳಿಯಬೇಕು. ಕಂಪ್ಯೂಟರಿನಲ್ಲಿಯೂ ಹೀಗೇ. ಮೆಮೊರಿ ಎಂಬುದು ಜಗುಲಿ, ಡಿಸ್ಕ್ ಎಂಬುದು ಮೆತ್ತು. ನೀವು ಒಂದು ಪತ್ರ ತೆರೆದಿರಿ ಎಂದರೆ ಯಂತ್ರ ಅದನ್ನು ಮೆತ್ತಿನಿಂದ ಇಳಿಸಿ ಜಗುಲಿಯ ಮೇಲೆ ಇಡುತ್ತದೆ. ನೀವು ಮುಚ್ಚಿದ ಮೇಲೂ ಅದನ್ನು ತಕ್ಷಣ ಮೇಲೆ ಸಾಗಿಸುವುದಿಲ್ಲ. ಇನ್ನೊಮ್ಮೆ ಕೇಳಿಯಾರು ಎಂದು ಅಲ್ಲೇ ಮಡಗಿಕೊಳ್ಳುತ್ತದೆ. ಹೀಗೆ ಇಟ್ಟುಕೊಳ್ಳುವ ಜಾಗಕ್ಕೆ ಪೇಜ್ ಕ್ಯಾಶ್ ಎಂದು ಹೆಸರು. ಒಂದೊಂದು ತುಣುಕನ್ನೂ ಪುಟ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಪುಟವೆಂದರೆ 4 ಕಿಲೋಬೈಟ್.

ಈ ಪುಟಗಳಲ್ಲಿ ಎರಡು ಜಾತಿ. ಮೆತ್ತಿನಲ್ಲಿರುವುದರ ಯಥಾಪ್ರತಿ ಇದ್ದರೆ ಅದು ಕ್ಲೀನ್, ನೀವು ತಿದ್ದಿ ಇನ್ನೂ ಮೇಲೆ ಸಾಗಿಸಿರದಿದ್ದರೆ ಅದು ಡರ್ಟಿ. ನಮ್ಮ ಭಾಷೆಯಲ್ಲಿ ಮಡಿ ಮತ್ತು ಮೈಲಿಗೆ ಎಂದರೆ ಸರಿಹೋದೀತು. ಮಡಿ ಪುಟವನ್ನು ಜಾಗ ಬೇಕಾದಾಗ ಎತ್ತಿ ಎಸೆಯಬಹುದು, ಮೇಲೆ ಇನ್ನೊಂದು ಪ್ರತಿ ಇದ್ದೇ ಇದೆ. ಮೈಲಿಗೆ ಪುಟವನ್ನು ಎಸೆಯುವ ಹಾಗಿಲ್ಲ. ಅದರಲ್ಲಿ ನಿಮ್ಮ ಹೊಸ ಬರವಣಿಗೆ ಇದೆ. (ಮಡಿ ಮಾಡುವವರ ಲೆಕ್ಕಕ್ಕೆ ಇದು ತಿರುವುಮುರುವು. ಇಲ್ಲಿ ಮೈಲಿಗೆಗೇ ಬೆಲೆ ಹೆಚ್ಚು.) ಮೊದಲು ಅದನ್ನು ಮೆತ್ತಿಗೆ ಮುಟ್ಟಿಸಬೇಕು, ಆಮೇಲೆ ಜಗುಲಿ ಖಾಲಿ.

ಗಂಟು ಬೀಳುವುದು ಇಲ್ಲಿಯೇ. ಕೊನೆಕೊಯ್ಲಿನ ದಿನಗಳಲ್ಲಿ ಜಗುಲಿಯ ತುಂಬ ಅಡಿಕೆ ಹರವಿದೆ ಎನ್ನಿ. ಕಾಲಿಡಲು ಜಾಗವಿಲ್ಲ. ಅಡಿಕೆಯನ್ನು ಮೆತ್ತಿಗೆ ಸಾಗಿಸಲು ಚೀಲ ಬೇಕು. ಚೀಲಗಳೆಲ್ಲಿ? ಜಗುಲಿಯ ಮೂಲೆಯಲ್ಲಿ, ಅಡಿಕೆಯ ಅಡಿಯಲ್ಲಿ. ಚೀಲ ಸಿಗಬೇಕಾದರೆ ಅಡಿಕೆ ಸರಿಯಬೇಕು, ಅಡಿಕೆ ಸರಿಯಬೇಕಾದರೆ ಚೀಲ ಸಿಗಬೇಕು. ಮನುಷ್ಯರಾದರೆ ಸೆರಗಿನಲ್ಲೋ ಬುಟ್ಟಿಯಲ್ಲೋ ತುಂಬಿಕೊಂಡು ದಾರಿ ಮಾಡುತ್ತೇವೆ. ಯಂತ್ರಕ್ಕೆ ಸೆರಗಿಲ್ಲ. ಪುಟವನ್ನು ಡಿಸ್ಕಿಗೆ ಬರೆಯಲು ಅದಕ್ಕೆ ಸ್ವಲ್ಪ ಮೆಮೊರಿ ಬೇಕು, ಆ ಮೆಮೊರಿ ಸಿಗಬೇಕಾದರೆ ಪುಟ ಡಿಸ್ಕಿಗೆ ಹೋಗಬೇಕು. ಅದು ನಿಂತಲ್ಲೇ ನಿಲ್ಲುತ್ತದೆ. ತಪ್ಪು ಲೆಕ್ಕ ಮಾಡುವುದಿಲ್ಲ, ಸುಟ್ಟುಹೋಗುವುದಿಲ್ಲ, ಸುಮ್ಮನೆ ಕಾಯುತ್ತದೆ.

ಇಂಥ ಕಾಯುವಿಕೆಗೆ ಹಾಲೆಂಡಿನ ವಿಜ್ಞಾನಿ ಡೈಕ್‌ಸ್ಟ್ರಾ 1965ರ ಸುಮಾರಿಗೆ ಇಟ್ಟ ಹೆಸರು ಮಾರಣಾಂತಿಕ ಅಪ್ಪುಗೆ. ನಮಗೆ ಧೃತರಾಷ್ಟ್ರನ ಆಲಿಂಗನ ಗೊತ್ತಿರುವುದರಿಂದ ಬೇರೆ ವಿವರಣೆ ಬೇಡ. ಆದರೆ ಇಲ್ಲಿ ಯಾರಲ್ಲೂ ದ್ವೇಷವಿಲ್ಲ ಎಂಬುದೇ ವ್ಯತ್ಯಾಸ. 1971ರಲ್ಲಿ ಕಾಫ್‌ಮನ್ ಮತ್ತು ಇಬ್ಬರು ಸಂಗಾತಿಗಳು ಈ ಅಪ್ಪುಗೆಗೆ ಏನೇನು ಕೂಡಿಬರಬೇಕು ಎಂದು ಲೆಕ್ಕ ಹಾಕಿದರು. ವಸ್ತು ಒಬ್ಬರಿಗೆ ಮಾತ್ರ ಸಿಗುವಂಥದ್ದಾಗಿರಬೇಕು. ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕೈಚಾಚಬೇಕು. ಕೈಯಲ್ಲಿರುವುದನ್ನು ಬೇರೆಯವರು ಕಿತ್ತುಕೊಳ್ಳುವಂತಿರಬಾರದು. ಕಾಯುವವರ ಸಾಲು ಸುತ್ತು ಹೊಡೆದು ಮತ್ತೆ ಮೊದಲಿನವರಿಗೇ ಬಂದು ಸೇರಬೇಕು. ಈ ನಾಲ್ಕರಲ್ಲಿ ಒಂದನ್ನು ತಪ್ಪಿಸಿದರೂ ಗಂಟು ಬೀಳುವುದಿಲ್ಲ. ಹೇಳುವುದೇನೋ ಸುಲಭವೇ.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯಲು ತೊಡಗಿದ. ಯಾರು ಬೇಕಾದರೂ ಓದಿ ತಿದ್ದಬಹುದಾದ ಕಾರ್ಯಾಚರಣ ವ್ಯವಸ್ಥೆ ಅದು. ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ತಳದಲ್ಲಿರುವುದೂ ಅದೇ. ಅದು ಬೆಳೆದಂತೆ ಚೀಲದ ಗಂಟೂ ಬಂತು. ಮೊದಮೊದಲ ಪರಿಹಾರ ಒಂದು ಚೀಟಿ. ಮೆಮೊರಿ ಕೇಳುವವರು ಕೇಳುವಾಗಲೇ ಒಂದು ಷರತ್ತು ಬರೆದುಕೊಡಬೇಕು: "ನನಗೆ ಜಾಗ ಬೇಕು, ಆದರೆ ಜಾಗ ಹುಡುಕುವ ನೆಪದಲ್ಲಿ ಕಡತಗಳ ವಿಭಾಗಕ್ಕೆ ಕಾಲಿಡಬೇಡಿ, ಅಲ್ಲಿಯ ಬೀಗ ಹಿಡಿದುಕೊಂಡವಳು ನಾನೇ." 2001ರ ಹೊತ್ತಿಗೆ ಈ ಚೀಟಿಗೆ ಜಿಎಫ್‌ಪಿ ನೋಎಫ್‌ಎಸ್ ಎಂಬ ಹೆಸರು ನಿಂತಿತು. ಕೇಳಿದರೆ ಔಷಧಿಯ ಹೆಸರಿನ ಹಾಗಿದೆ. ಕೆಲಸವೂ ಔಷಧಿಯದೇ, ಬೇಕಾದ ಕಡೆಯೆಲ್ಲ ಒಂದೊಂದು ಗುಳಿಗೆ. ಎಲ್ಲಿ ಬೇಕು ಎಂದು ನೆನಪಿಡುವ ಹೊಣೆ ಮಾತ್ರ ಬರೆಯುವವರ ಮೇಲೆ.

ನಾನು ಈ ಇತಿಹಾಸಕ್ಕೆ ಕೈಹಾಕಲು ಒಂದು ಕಾರಣವಿದೆ. 2008ರ ಆಸುಪಾಸಿನಲ್ಲಿ ನಾನು ಬಸ್ಸಿನಲ್ಲಿ ಪೇಟೆಗೆ ಹೋಗಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಹೆಸರು ಬೇಡ. ಅಲ್ಲಿದ್ದವು ಎಲ್ಲಿಂದಲೋ ಬಂದ ಹಳೆಯ ಯಂತ್ರಗಳು, ಅವುಗಳಿಗೆ ಡಿಸ್ಕೇ ಇರಲಿಲ್ಲ. ಮೂಲೆಯಲ್ಲೊಂದು ದೊಡ್ಡ ಯಂತ್ರ, ಉಳಿದವೆಲ್ಲ ತಂತಿಯ ಮೂಲಕ ಅದನ್ನೇ ನೆಚ್ಚಿಕೊಂಡವು. ಜಗುಲಿ ಇಲ್ಲಿ, ಮೆತ್ತು ನೆರೆಮನೆಯಲ್ಲಿ. ಕಡಿಮೆ ಖರ್ಚಿನ ಒಳ್ಳೆಯ ಏರ್ಪಾಡು, ಹಳ್ಳಿಯ ಹುಡುಗಿಯರು ಕಲಿಯಲು ಸಾಧ್ಯವಾದದ್ದೇ ಅದರಿಂದ. ಆದರೆ ಆಗೊಮ್ಮೆ ಈಗೊಮ್ಮೆ ಒಂದು ಯಂತ್ರ ಕಲ್ಲಾಗಿ ನಿಂತುಬಿಡುತ್ತಿತ್ತು. ಬಾಣದ ಗುರುತೂ ಅಲುಗಾಡುತ್ತಿರಲಿಲ್ಲ. ಅದು ಹೆಚ್ಚಾಗಿ ಆಗುತ್ತಿದ್ದದ್ದು ಒಬ್ಬಳು ಹುಡುಗಿಯ ಕೈಯಲ್ಲಿ. ಅವಳು ಉಳಿದವರಿಗಿಂತ ಚುರುಕು, ಒಂದೇ ಸಲಕ್ಕೆ ನಾಲ್ಕು ಚಿತ್ರ ತೆರೆದುಕೊಂಡು ಕೂರುವವಳು. "ಏನೇನೋ ಒತ್ತಿ ಯಂತ್ರ ಕೆಡಿಸುತ್ತಾಳೆ" ಎಂದು ಕೇಂದ್ರದವರು ಎಲ್ಲರೆದುರು ಗದರಿದರು, ದಂಡವನ್ನೂ ಹಾಕಿದರು. ಅವಳು ಏನನ್ನೂ ಕೆಡಿಸಿಲ್ಲವೆಂದು ನಾನು ಹೇಳಿದೆ. ಹಾಗಾದರೆ ಯಾಕೆ ನಿಂತಿತು ಎಂದು ಕೇಳಿದರು. ಅದಕ್ಕೆ ಉತ್ತರ ಆಗ ನನ್ನ ಬಳಿ ಇರಲಿಲ್ಲ. ಮುಂದಿನ ವಾರದಿಂದ ಆ ಹುಡುಗಿ ಬರಲಿಲ್ಲ.

ಉತ್ತರ ಕೈಗೆ ಬಂದದ್ದು ನಾಲ್ಕೈದು ವರ್ಷದ ನಂತರ. ಇಂಥ ಯಂತ್ರದಲ್ಲಿ ಜಗುಲಿ ತುಂಬಿದಾಗ ಪುಟಗಳನ್ನು ತಂತಿಯ ಮೇಲೆ ನೆರೆಮನೆಗೆ ಕಳಿಸಬೇಕು. ಕಳಿಸಲು ಪೊಟ್ಟಣ ಕಟ್ಟಬೇಕು, ಪೊಟ್ಟಣಕ್ಕೆ ಜಾಗ ಬೇಕು. ಹೇಗೋ ಕಳಿಸಿದರೂ ಕೆಲಸ ಮುಗಿಯಲಿಲ್ಲ, "ತಲುಪಿತು" ಎಂಬ ಮರುಟಪಾಲು ಬರುವ ತನಕ ಪುಟವನ್ನು ಬಿಡುವಂತಿಲ್ಲ. ಆ ಮರುಟಪಾಲು ಬಾಗಿಲಿಗೆ ಬಂದಾಗ ಅದನ್ನು ಇಳಿಸಿಕೊಳ್ಳಲೂ ಜಾಗ ಬೇಕು! ಅಷ್ಟರಲ್ಲಿ ಬೇರೆ ಯಾವುದೋ ಟಪಾಲು ಬಂದು ಕೊನೆಯ ಮೂಲೆಯನ್ನೂ ತುಂಬಿದ್ದರೆ ಬೇಕಾದ ಕಾಗದ ಬಾಗಿಲಿನಿಂದಲೇ ವಾಪಸು. ಯಂತ್ರ ಆ ಕಾಗದಕ್ಕಾಗಿ ಕಾಯುತ್ತಲೇ ಇರುತ್ತದೆ.

ಪೀಟರ್ ಜೀಲ್‌ಸ್ಟ್ರಾ ವರ್ಷಗಳ ಹಿಂದೆಯೇ ಇದಕ್ಕೆ ದಾರಿ ಹುಡುಕಿದ್ದರು. ಮೆಲ್ ಗೋರ್ಮನ್ ಅದನ್ನು ಮತ್ತೆ ಕೈಗೆತ್ತಿಕೊಂಡು ಪೂರೈಸಿದರು, 2012ರಲ್ಲಿ ಲಿನಕ್ಸಿನ 3.6ನೇ ಆವೃತ್ತಿಯಲ್ಲಿ ಅದು ಸೇರಿತು. ಉಪಾಯ ನಮ್ಮ ಅಜ್ಜಿಯಂದಿರು ಬಲ್ಲದ್ದೇ. ಒಂದಿಷ್ಟು ಚೀಲಗಳನ್ನು ಬೇರೆಯೇ ಎತ್ತಿಡಬೇಕು, ಅವನ್ನು ಯಾವ ನೆಂಟರಿಗೂ ಕೊಡಬಾರದು, ಜಗುಲಿ ಖಾಲಿ ಮಾಡಲು ಬಂದವರಿಗೆ ಮಾತ್ರ. ಎತ್ತಿಟ್ಟ ಜಾಗದಲ್ಲಿ ಇಳಿಸಿಕೊಂಡ ಟಪಾಲು ಖಾಲಿ ಮಾಡುವ ಕೆಲಸದ್ದಲ್ಲ ಎಂದು ತಿಳಿದರೆ ಅದನ್ನು ಮುಲಾಜಿಲ್ಲದೆ ಹೊರಗೆಸೆಯುವುದು. ಸಾಧಾರಣ ಕಾಲದಲ್ಲಿ ಇದು ನಿರ್ದಯ ಎನ್ನಿಸೀತು. ಆದರೆ ಕಳಿಸಿದವರು ಸ್ವಲ್ಪ ಹೊತ್ತಿನ ಮೇಲೆ ಅದನ್ನು ಮತ್ತೆ ಕಳಿಸಬಲ್ಲರು, ಸಿಕ್ಕಿಬಿದ್ದ ಯಂತ್ರ ಮಾತ್ರ ತಾನಾಗಿ ಏಳಲಾರದು. ಆ ಬದಲಾವಣೆಯ ಜೊತೆ ಬರೆದ ವಿವರಣೆಯಲ್ಲಿ ಡಿಸ್ಕಿಲ್ಲದ ಟರ್ಮಿನಲ್‌ಗಳ ಪ್ರಸ್ತಾಪವೇ ಇತ್ತು, ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಎಂಬ ಹೆಸರೂ ಇತ್ತು. ನಮ್ಮ ತರಗತಿಯ ಏರ್ಪಾಡೂ ಆ ಬಗೆಯದೇ. ಓದಿ ಮುಗಿಸಿದಾಗ ನನಗೆ ಮೊದಲು ನೆನಪಾದದ್ದು ಆ ಹುಡುಗಿಗೆ ಹಾಕಿದ ದಂಡ. ನಾಲ್ಕು ಚಿತ್ರ ಒಟ್ಟಿಗೆ ತೆರೆದದ್ದು ಅವಳ ಅಪರಾಧವಾಗಿತ್ತು. ಯಂತ್ರದ ಜಗುಲಿ ತುಂಬಿದ್ದು ಅದರಿಂದ ನಿಜ, ಆದರೆ ತುಂಬಿದ ಜಗುಲಿಯನ್ನು ಖಾಲಿ ಮಾಡುವ ದಾರಿಯನ್ನು ಸರಿಯಾಗಿ ಇಟ್ಟಿರಬೇಕಾದದ್ದು ಯಂತ್ರದ ಕೆಲಸ, ಅವಳದಲ್ಲ.

ಈ ಇತಿಹಾಸದ ಇನ್ನೊಂದು ಮುಖ್ಯ ಅಧ್ಯಾಯಕ್ಕೆ ನಮ್ಮ ರಾಜ್ಯದ ನಂಟಿದೆ. ದೊಡ್ಡ ಯಂತ್ರವೊಂದರಲ್ಲಿ ಹತ್ತಾರು ಗಿರಾಕಿಗಳು ಬಾಡಿಗೆಗೆ ಇರುವಾಗ ಒಬ್ಬರೇ ಇಡೀ ಜಗುಲಿ ಕಬಳಿಸದಂತೆ ತಡೆಯಬೇಕು. ಅದಕ್ಕಾಗಿ ಪ್ರತಿಯೊಂದು ಗುಂಪಿಗೂ ಇಷ್ಟೇ ಮೆಮೊರಿ ಎಂದು ಗೆರೆ ಎಳೆಯುವ ಮೆಮೊರಿ ಕಂಟ್ರೋಲರ್ ಎಂಬ ಭಾಗವನ್ನು ಬರೆದವರಲ್ಲಿ ಪ್ರಮುಖರು ಐಬಿಎಂನ ಭಾರತದ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಬಲ್ಬೀರ್ ಸಿಂಗ್. ಆ ಕೇಂದ್ರದ ಕೆಲಸ ನಡೆಯುತ್ತಿದ್ದದ್ದು ಬೆಂಗಳೂರಿನಲ್ಲಿ. 2008ರ ಏಪ್ರಿಲ್‌ನಲ್ಲಿ ಹೊರಬಂದ 2.6.25ನೇ ಆವೃತ್ತಿಯಲ್ಲಿ ಅದು ಸೇರಿತು. ಆ ದಿನಗಳಲ್ಲಿ ಪತ್ರಿಕೆಗಳು ಬೆಂಗಳೂರನ್ನು ಕಾಲ್ ಸೆಂಟರುಗಳ ಊರು ಎಂದು ಬಣ್ಣಿಸುತ್ತಿದ್ದವು. ಇಂಥ ತಳಪಾಯದ ಕೆಲಸ ಅಲ್ಲಿಂದ ಹೋದದ್ದು ಯಾರ ಕಣ್ಣಿಗೂ ಬಿದ್ದಂತೆ ಕಾಣಲಿಲ್ಲ. ಕಡತದ ಪುಟಗಳನ್ನೂ ಆಯಾ ಗುಂಪಿನ ಲೆಕ್ಕಕ್ಕೇ ಬರೆಯುವ ವ್ಯವಸ್ಥೆ ಅದರಲ್ಲಿತ್ತು. ಆಮೇಲೆ ಬೇರೆ ಬೇರೆ ದೇಶಗಳ ಹಲವರು ಅದಕ್ಕೆ ಕೋಣೆ ಕೂಡಿಸುತ್ತ ಹೋದರು, ಕೂಡು ಕುಟುಂಬದ ಮನೆ ಬೆಳೆದ ಹಾಗೆ.

ಕೂಡು ಕುಟುಂಬದಲ್ಲಿ ಆಗುವ ತೊಡಕೇ ಅಲ್ಲಿಯೂ ಆಯಿತು. 2012ರ ನವೆಂಬರಿನಲ್ಲಿ ಬಾಡಿಗೆ ಯಂತ್ರಗಳನ್ನು ನೋಡಿಕೊಳ್ಳುವ ಒಬ್ಬಾತ, ಅಡ್ಡಹೆಸರಿನಲ್ಲಿ ಬರೆಯುವವನು, ಒಂದು ಗುಂಪಿನ ಮೆಮೊರಿ ಮುಗಿದಾಗ ಆ ಗುಂಪು ಇಡಿಯಾಗಿ ಹೆಪ್ಪುಗಟ್ಟುತ್ತದೆ ಎಂದು ದೂರು ಕೊಟ್ಟ. ಜಾಗ ಮುಗಿದಾಗ ಲಿನಕ್ಸ್ ಒಂದು ಕಠಿಣ ಕ್ರಮ ಕೈಗೊಳ್ಳುತ್ತದೆ. ಹೆಚ್ಚು ಜಾಗ ಹಿಡಿದಿರುವ ಒಂದು ಕೆಲಸವನ್ನು ಆರಿಸಿ ಕೊಂದುಹಾಕುತ್ತದೆ. ಅದು ಸತ್ತರೆ ಜಾಗ ಬಿಡುಗಡೆ, ಉಳಿದವರು ಬದುಕುತ್ತಾರೆ. ಇಲ್ಲಿ ಕೊಲ್ಲುವ ಆಜ್ಞೆಯಾಗಿತ್ತು, ಆದರೆ ಆರಿಸಲ್ಪಟ್ಟ ಕೆಲಸ ಸಾಯುತ್ತಿರಲಿಲ್ಲ.

ಒಳಗೆ ನಡೆದದ್ದು ಹೀಗೆ. ಮೊದಲ ಸೊಸೆ ಉಗ್ರಾಣದ ಬೀಗದ ಕೈ ಹಿಡಿದು ಒಳಗೆ ಸಾಮಾನು ಜೋಡಿಸುತ್ತಿದ್ದಾಳೆ, ಎಂದರೆ ಒಂದು ಕಡತಕ್ಕೆ ಬರೆಯುತ್ತಿದ್ದಾಳೆ. ಅವಳಿಗೆ ಇನ್ನೊಂದು ಪುಟದ ಜಾಗ ಬೇಕಾಯಿತು, ಇರಲಿಲ್ಲ. ಅವಳು ನಿಂತಲ್ಲಿಂದಲೇ ಯಜಮಾನರಿಗೆ ಹೇಳಿಕಳಿಸಿದಳು. ಯಜಮಾನರು ಎರಡನೆಯ ಸೊಸೆ ಮನೆ ಖಾಲಿ ಮಾಡಬೇಕೆಂದು ತೀರ್ಪು ಕೊಟ್ಟರು. ಎರಡನೆಯವಳಾದರೋ ಅದೇ ಕಡತವನ್ನು ಮೊಟಕುಗೊಳಿಸಲು ಬಂದು ಅದೇ ಉಗ್ರಾಣದ ಬಾಗಿಲಲ್ಲಿ ಬೀಗದ ಕೈಗಾಗಿ ಕಾಯುತ್ತಿದ್ದವಳು. ಕೈಗೆತ್ತಿಕೊಂಡ ಕೆಲಸ ಮುಗಿಯದೆ ಅವಳು ಹೊರಡುವಂತಿಲ್ಲ. ಅವಳು ಹೊರಡದೆ ಮೊದಲನೆಯವಳು ಕದಲುವಂತಿಲ್ಲ. ಆಮೇಲೆ ಬಂದ ಸೊಸೆಯಂದಿರೂ ತಮ್ಮ ತಮ್ಮ ಬೀಗದ ಕೈ ಹಿಡಿದುಕೊಂಡೇ ಸಾಲಿನಲ್ಲಿ ಕೂತರು. ಕಾಫ್‌ಮನ್ ಹೇಳಿದ ನಾಲ್ಕೂ ಅಂಶ ಕೂಡಿದವು. ಕೊಲ್ಲಲು ಹೇಳಿದವಳ ಸೊಂಟದಲ್ಲೇ ಸಾಯಬೇಕಾದವಳ ಬಿಡುಗಡೆಯ ಕೀಲಿ!

ಸೂಸೆ ಕಂಪನಿಯ ಮೈಕಲ್ ಹೋಕೊ ಆ ದೂರುದಾರನ ಜೊತೆ ತಿಂಗಳುಗಟ್ಟಲೆ ಪತ್ರ ವ್ಯವಹಾರ ನಡೆಸಿದರು. ಇದನ್ನು ಹಾಕಿ ನೋಡಿ, ಆಗಲಿಲ್ಲವೇ, ಹಾಗಾದರೆ ಇದನ್ನು ನೋಡಿ. ನನಗೆ ಈ ಭಾಗವೇ ಬಹಳ ಹಿಡಿಸಿತು. ದೂರು ಕೊಟ್ಟವನನ್ನು ಯಾರೂ "ನೀನು ಏನು ಒತ್ತಿದೆ" ಎಂದು ಕೇಳಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ಯೋಹಾನೆಸ್ ವೈನರ್ ಬರೆದ ತಿದ್ದುಪಡಿ ಒಳಗೆ ಬಂತು, 3.12ನೇ ಆವೃತ್ತಿಯಲ್ಲಿ ಹೊರಬಿತ್ತು. ಅದರ ತಿರುಳು ಇಷ್ಟು. ಜಾಗವಿಲ್ಲ ಎಂದು ಗೊತ್ತಾದಾಗ ನಿಂತಲ್ಲೇ ಕಾಯಬೇಡ. ಬಂದ ದಾರಿಯಲ್ಲೇ ಹಿಂದೆ ಸರಿ, ಹಿಡಿದ ಬೀಗದ ಕೈಗಳನ್ನೆಲ್ಲ ಒಂದೊಂದಾಗಿ ಮೊಳೆಗೆ ತೂಗುಹಾಕು, ಬರಿಗೈಯಲ್ಲಿ ಅಂಗಳಕ್ಕೆ ಬಂದು ಅಲ್ಲಿ ಕಾಯಿ. ಹಾಗೆ ಹಿಂದೆ ಸರಿದು ಕಾಯಲು ಬಾರದ ಕಡೆ "ಜಾಗವಿಲ್ಲ" ಎಂಬ ಉತ್ತರ ತೆಗೆದುಕೊಂಡು ಮರಳು. ಎರಡು ವಾಕ್ಯದಲ್ಲಿ ನಾನು ಬರೆದುಬಿಟ್ಟೆ, ಅವರಿಗೆ ಹತ್ತು ತಿಂಗಳು ಬೇಕಾಯಿತು.

"ಜಾಗವಿಲ್ಲ" ಎಂಬ ಉತ್ತರವೂ ಅಷ್ಟು ಸಸಾರವಲ್ಲ ಎಂದು ಮರುವರ್ಷವೇ ಗೊತ್ತಾಯಿತು. ಜಪಾನಿನ ಟೆಟ್ಸುವೊ ಹಾಂಡಾ ಇಂಥದೇ ಹೆಪ್ಪುಗಟ್ಟುವಿಕೆಯನ್ನು ಬೆನ್ನುಹತ್ತಿದಾಗ, 2014ರ ಕೊನೆಯಲ್ಲಿ, ಒಂದು ಹಳೆಯ ಅಲಿಖಿತ ಕಟ್ಟಳೆ ಬಯಲಾಯಿತು. ಎಂಟು ಪುಟದ ತನಕದ, ಎಂದರೆ 32 ಕಿಲೋಬೈಟಿನ ವರೆಗಿನ ಬೇಡಿಕೆಗೆ ಲಿನಕ್ಸ್ ಇಲ್ಲ ಎನ್ನುವುದೇ ಇಲ್ಲವೆನ್ನುವಷ್ಟು ಅಪರೂಪ. ಸಿಗುವ ತನಕ ಹುಡುಕುತ್ತಲೇ ಇರುತ್ತದೆ, ಬೇಕಾದರೆ ಕೊನೆತನಕ. ಕೇಳಿದವರು ಬೀಗ ಹಿಡಿದು ಕಾಯುತ್ತಲೇ ಇರುತ್ತಾರೆ. ಎಕ್ಸ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಸಾಕಿದ ಆಸ್ಟ್ರೇಲಿಯಾದ ಡೇವ್ ಚಿನ್ನರ್ ಅಂಥವರಿಗೇ ಇದು ಆಶ್ಚರ್ಯ ತಂದಿತು, ಸಿಟ್ಟನ್ನೂ ತಂದಿತು. ಸಿಗದಿದ್ದರೆ ಏನು ಮಾಡಬೇಕು ಎಂದು ಅವರೆಲ್ಲ ಎಚ್ಚರಿಕೆಯಿಂದ ಸಾವಿರಾರು ಕಡೆ ಬರೆದಿಟ್ಟಿದ್ದರು. ಆ ಸಾಲುಗಳಲ್ಲಿ ಬಹುಪಾಲು ಒಮ್ಮೆಯೂ ಓಡಿರಲಿಲ್ಲ. ಹಾಗಾದರೆ ಇನ್ನು ಮೇಲೆ ಇಲ್ಲ ಎನ್ನೋಣವೇ? ಎಂದೂ ಪರೀಕ್ಷೆಯಾಗದ ಆ ಸಾಲುಗಳನ್ನು ಒಮ್ಮೆಲೇ ಓಡಿಸಿದರೆ ಎಲ್ಲೆಲ್ಲಿ ಏನೇನು ಮುರಿದೀತೋ. 2015ರ ಮಾರ್ಚಿನಲ್ಲಿ ಬಾಸ್ಟನ್ನಿನ ಸಭೆಯಲ್ಲಿ ಎದುರೆದುರು ಕೂತು ಚರ್ಚಿಸಿದರು, ಪೂರಾ ಇತ್ಯರ್ಥವಾಗಲಿಲ್ಲ. ಕೇಳಿದ ಸಣ್ಣ ಸಾಲಕ್ಕೆ ಇಲ್ಲ ಎಂದರಿಯದ ಮನೆಯೊಡತಿ ಒಂದು ದಿನ ಇಲ್ಲ ಎಂದರೆ ಊರೇ ತಲ್ಲಣಿಸುವುದನ್ನು ಕಂಡವರಿಗೆ ಅವರ ಸಂಕಟ ತಿಳಿದೀತು.

ಮುಂದಿನದು ಬೇಗ ಹೇಳಬಹುದು. 2016ರ 4.6ನೇ ಆವೃತ್ತಿಯಲ್ಲಿ ಹೋಕೊ ಒಂದು ಹೊಸ ಆಳನ್ನು ನೇಮಿಸಿದರು. ಸಾಯಬೇಕಾದ ಕೆಲಸ ಯಾವುದೋ ಬಾಗಿಲಲ್ಲಿ ಸಿಕ್ಕಿಕೊಂಡಿದ್ದರೆ ಅದು ಬರುವ ತನಕ ಕಾಯದೆ, ಅದರ ಸಾಮಾನನ್ನು ಹಿತ್ತಿಲಿನಿಂದ ಹೊರಸಾಗಿಸಿ ಜಾಗ ಮಾಡುವುದು ಈ ಆಳಿನ ಕೆಲಸ. ಇದಕ್ಕೂ ಒಂದು ಬೀಗ ಬೇಕು, ಆದರೆ ಸಿಗದಿದ್ದರೆ ಕೆಲವು ಸಲ ಪ್ರಯತ್ನಿಸಿ ಬಿಟ್ಟುಬಿಡುತ್ತದೆ. ಕಾಯುತ್ತ ಕೂರುವ ಅಭ್ಯಾಸ ಇದಕ್ಕಿಲ್ಲ. ಇದನ್ನು ನಂಬಿಕೊಂಡು 2018ರಲ್ಲಿ ಅವರೇ ವೈನರ್‌ರ ಏರ್ಪಾಡನ್ನು ಅರ್ಧ ಹಿಂದಕ್ಕೆ ತಿರುಗಿಸಿದರು. ಕೊಲ್ಲುವ ತೀರ್ಪು ಮತ್ತೆ ಮೊದಲಿನ ಜಾಗದಲ್ಲೇ ಆಗತೊಡಗಿತು, "ಜಾಗವಿಲ್ಲ" ಎಂಬ ಅನಿರೀಕ್ಷಿತ ಉತ್ತರಗಳು ಕಡಿಮೆಯಾದವು.

2001ರ ಹೊತ್ತಿನ ಆ ಚೀಟಿಯ ಗತಿಯೂ ಬದಲಾಯಿತು. ಎಲ್ಲಿ ಬೇಕೋ ಎಲ್ಲಿ ಬೇಡವೋ ಎಂದು ತಿಳಿಯದೆ ಹೆದರಿಕೆಗೆ ಎಲ್ಲ ಕಡೆಯೂ ಅದನ್ನೇ ಅಂಟಿಸಿದ್ದರು. ಅಷ್ಟು ಜನ "ಅಲ್ಲಿ ಕಾಲಿಡಬೇಡಿ" ಎಂದರೆ ಜಾಗ ಹುಡುಕುವವರು ಎಲ್ಲಿ ಹುಡುಕಬೇಕು? 2017ರ 4.12ನೇ ಆವೃತ್ತಿಯಲ್ಲಿ ಹೊಸ ಪದ್ಧತಿ ಬಂತು. ಪ್ರತಿ ಬೇಡಿಕೆಗೂ ಚೀಟಿ ಬೇಡ. ಬೀಗ ಹಿಡಿಯುವಾಗ "ಇಲ್ಲಿಂದ ನಿಷೇಧ" ಎಂದು ಒಮ್ಮೆ ಹೇಳಬೇಕು, ಬೀಗ ಬಿಡುವಾಗ "ಇಲ್ಲಿಗೆ ಮುಗಿಯಿತು" ಎನ್ನಬೇಕು. ನಡುವೆ ಅವಳು ಯಾರ ಮನೆಗೆ ಹೋಗಿ ಏನು ಕೇಳಿದರೂ ಆ ನಿಷೇಧ ಅವಳ ಜೊತೆಯಲ್ಲೇ ಇರುತ್ತದೆ. ಗಂಟು ಬೀಳುತ್ತಿದ್ದದ್ದು ಕೇಳಿದ ವಸ್ತುವಿನಿಂದಲ್ಲ, ಕೇಳುವವಳು ಯಾವ ಸ್ಥಿತಿಯಲ್ಲಿದ್ದಾಳೆ ಎಂಬುದರಿಂದ ಎಂಬ ತಿಳಿವಳಿಕೆ ಅದು. ಬರಲು ಇಷ್ಟು ಕಾಲವಾಯಿತು.

2018ರ ಮೇ ತಿಂಗಳಿನಲ್ಲಿ ಹೋಕೊ ಈ ಪದ್ಧತಿಯನ್ನು ವಿವರಿಸುವ ಸಣ್ಣ ಟಿಪ್ಪಣಿ ಬರೆದರು, ಲಿನಕ್ಸಿನ ಜೊತೆಯಲ್ಲೇ ಅದು ಸಿಗುತ್ತದೆ, ಎರಡು ಪುಟವೂ ಆಗಲಾರದು. ಅದರಲ್ಲಿ ಒಂದು ಮಾತಿದೆ: ನಿಷೇಧ ಶುರುವಾಗುವ ಜಾಗವನ್ನು ಗುರುತಿಸುವವರು ಸಾಧ್ಯವಾದರೆ ಅದು ಯಾಕೆ ಬೇಕಾಯಿತು ಎಂಬುದನ್ನೂ ಪಕ್ಕದಲ್ಲಿ ಬರೆದಿಡಲಿ, ಮುಂದೆ ನೋಡಿಕೊಳ್ಳುವವರಿಗೆ ಸುಲಭವಾಗುತ್ತದೆ.